ಮದ್ದು ಅಂಗುಳಕ್ಕೆ, ಫಂಗಸ್ ಹಲ್ಲಿನ ಸೆಟ್‌ನಲ್ಲಿ: ಒಂದು ಪ್ರಕರಣ ಅಧ್ಯಯನ

ಬಾಯಿ ಉರಿ ಅಂತ ಬರುತ್ತಾರೆ. ಮದ್ದು ಹಚ್ಚಿದರೆ ಕಡಿಮೆಯಾಗುತ್ತದೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಉರಿ. ಹಲ್ಲಿನ ಸೆಟ್ ಹಾಕುವ ಹಿರಿಯರಲ್ಲಿ ಈ ಸುತ್ತಾಟ ತುಂಬಾ ಸಾಮಾನ್ಯ. ಅಂಥ ಒಬ್ಬ ಅಜ್ಜಿಯ ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ಮನೆಯ ಸಂಗತಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ದಂತವೈದ್ಯರಿಗೂ ಉಪಯೋಗವಾಗಲಿ, ಮನೆಯಲ್ಲಿ ಸೆಟ್ ಹಾಕುವ ಹಿರಿಯರಿದ್ದರೆ ಅವರನ್ನು ನೋಡಿಕೊಳ್ಳುವವರಿಗೂ ಉಪಯೋಗವಾಗಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ

ಅಜ್ಜಿಗೆ ವಯಸ್ಸು 68. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ವಾಸ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷಕ್ಕೂ ಜಾಸ್ತಿಯಾಗಿತ್ತು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರು. ಉಬ್ಬಸಕ್ಕೆ ಸ್ಟಿರಾಯ್ಡ್ ಇರುವ ಪಂಪು, ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ.

ಮೇಲಿನ ಮತ್ತು ಕೆಳಗಿನ ಎರಡೂ ಪೂರ್ತಿ ಸೆಟ್ ಏಳು ವರ್ಷದ ಹಿಂದೆ ಕಟ್ಟಿಸಿದ್ದು. ಹಲ್ಲು ಹೋದ ಮೇಲೆ ದವಡೆಯ ಮೂಳೆ ನಿಧಾನವಾಗಿ ಸವೆಯುತ್ತಲೇ ಇರುತ್ತದೆ. ಸೆಟ್ ಮಾತ್ರ ಅದೇ ಆಕಾರದಲ್ಲಿ ಇರುತ್ತದೆ. ಹಾಗಾಗಿ ಇವರ ಮೇಲಿನ ಸೆಟ್ ಸಡಿಲವಾಗಿ, ಮಾತಾಡುವಾಗ ಕೆಳಗೆ ಜಾರುತ್ತಿತ್ತು. ಸುಮಾರು ಒಂದು ವರ್ಷದ ಹಿಂದೆ ಬೇರೊಂದು ಕಡೆ ತೋರಿಸಿದಾಗ ಸೆಟ್‌ನ ಒಳಮೈಗೆ ಮೃದುವಾದ ಲೈನರ್ ಹಾಕಿ ಬಿಗಿ ಮಾಡಿಕೊಟ್ಟಿದ್ದರು. ಕೆಲವೇ ವಾರದಲ್ಲಿ ವಾಪಸ್ ಬನ್ನಿ ಅಂತಲೂ ಹೇಳಿದ್ದರಂತೆ. ಸೆಟ್ ಗಟ್ಟಿಯಾಗಿ ಕೂತಿತು, ಊಟ ಸಲೀಸಾಯಿತು. ಚೆನ್ನಾಗಿರುವುದನ್ನು ಯಾಕೆ ತೋರಿಸಬೇಕು ಅಂತ ಇವರು ಹೋಗಲಿಲ್ಲ. ಯಾರಿಗೇ ಆದರೂ ಹಾಗೇ ಅನ್ನಿಸುತ್ತದೆ ಅಲ್ವಾ?

ಆ ಲೈನರ್ ಏನು ಅಂತ ಇಲ್ಲಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಟಿಶ್ಯೂ ಕಂಡಿಷನರ್ ಅಂತ ಕರೆಯುವ ಈ ವಸ್ತು ಪುಡಿ ಮತ್ತು ದ್ರವವಾಗಿ ಬರುತ್ತದೆ. ಪುಡಿ ಪಾಲಿ ಈಥೈಲ್ ಮೆಥಾಕ್ರಿಲೇಟ್ ಅನ್ನುವ ಪ್ಲಾಸ್ಟಿಕ್. ದ್ರವದಲ್ಲಿ ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಮತ್ತು ಆಲ್ಕೋಹಾಲ್ ಇರುತ್ತವೆ. ಎರಡನ್ನೂ ಕಲಸಿದರೆ ಜೆಲ್ಲಿಯಂತೆ ಮೆತ್ತಗಾಗುತ್ತದೆ. ಬಾಯಿಗೆ ಹೋದ ದಿನದಿಂದಲೇ ಆಲ್ಕೋಹಾಲ್, ಪ್ಲಾಸ್ಟಿಸೈಜರ್ ಎರಡೂ ಜೊಲ್ಲಿನಲ್ಲಿ ಕರಗಿ ಹೊರಗೆ ಹೋಗುತ್ತವೆ, ಆ ಜಾಗಕ್ಕೆ ನೀರು ಸೇರುತ್ತದೆ. ಕೆಲವು ದಿನದಿಂದ ಕೆಲವು ವಾರದೊಳಗೆ ಅದು ಗಟ್ಟಿಯಾಗಿ, ಒರಟಾಗಿ, ಸಣ್ಣ ಸಣ್ಣ ತೂತು ಬೀಳುತ್ತದೆ. ಇದನ್ನು ಮಾಡಿರುವುದೇ ತಾತ್ಕಾಲಿಕ ಬಳಕೆಗೆ. ಇವರ ಬಾಯಲ್ಲಿ ಒಂದು ವರ್ಷ ಇತ್ತು.

ಸಮಸ್ಯೆ

ಮೊದಲು ಶುರುವಾಗಿದ್ದು ಖಾರದ ಸಾರು ತಿಂದಾಗ ಉರಿ. ಆಮೇಲೆ ಎರಡೂ ಕಟಬಾಯಿ ಬಿರಿಯಿತು. ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಕೊಟ್ಟರು, ಏನೂ ಆಗಲಿಲ್ಲ. ವೈದ್ಯರೊಬ್ಬರು ಬಾಯೊಳಗೆ ಹಚ್ಚುವ ಫಂಗಸ್ ಮದ್ದು, ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಬರೆದರು. ಹಚ್ಚಿದಾಗ ಉರಿ ಇಳಿಯಿತು, ನಿಲ್ಲಿಸಿದ ಮೇಲೆ ಮರುಕಳಿಸಿತು. ಹೀಗೆ ಮೂರು ಸಲ ಆದ ಮೇಲೆ ನಮ್ಮ ಹತ್ತಿರ ಬಂದರು.

ಸೆಟ್ ತೆಗೆಸಿ ನೋಡಿದರೆ ಅಂಗುಳ ಕೆಂಪಗೆ ಹೊಳೆಯುತ್ತಿತ್ತು. ಆ ಕೆಂಪು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅನ್ನುವುದೇ ದೊಡ್ಡ ಸುಳಿವು. ಸೆಟ್‌ನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆದ ಹಾಗೆ ಕೆಂಪು ನಿಂತಿತ್ತು. ಅದರ ಹಿಂದೆ ಮಾಮೂಲಿ ತಿಳಿ ಗುಲಾಬಿ ಬಣ್ಣ. ಕೆಳಗಿನ ವಸಡು ಚೆನ್ನಾಗಿಯೇ ಇತ್ತು. ಕೆಳಗಿನ ಸೆಟ್ ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ, ಜೊಲ್ಲು ಓಡಾಡಿ ತೊಳೆಯುತ್ತಿರುತ್ತದೆ. ಮೇಲಿನದು ಅಂಗುಳಕ್ಕೆ ಅಂಟಿಕೊಂಡು ಕೂರುವುದರಿಂದ ಒಳಗೆ ಜೊಲ್ಲು ಹೋಗುವುದೇ ಕಷ್ಟ.

ಇದಕ್ಕೆ ಡೆಂಚರ್ ಸ್ಟೊಮಟೈಟಿಸ್ ಅನ್ನುತ್ತಾರೆ. 1962ರಲ್ಲಿ ನ್ಯೂಟನ್ ಮಾಡಿದ ಮೂರು ವಿಂಗಡಣೆಯನ್ನೇ ನಾವು ಇವತ್ತಿಗೂ ಬಳಸುತ್ತೇವೆ. ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಒಂದನೆಯದು. ಸೆಟ್ ಕೂರುವ ಜಾಗವೆಲ್ಲ ಕೆಂಪಾಗಿದ್ದರೆ ಎರಡನೆಯದು. ಅಂಗುಳದ ಮಧ್ಯೆ ಹರಳು ಹರಳಾಗಿ ಬೆಳೆದಿದ್ದರೆ ಮೂರನೆಯದು. ಇವರದು ಎರಡನೆಯದು. ಹೆಚ್ಚಿನವರಿಗೆ ಇದರಲ್ಲಿ ನೋವೇ ಇರುವುದಿಲ್ಲ. ಉರಿ ಬಂದಿದ್ದರಿಂದ ಇವರು ತೋರಿಸಿದರು, ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಬಾಯಿ ನೋಡಿದ ಮೇಲೆ ಸೆಟ್ ಕೈಗೆತ್ತಿಕೊಂಡೆವು. ಲೈನರ್ ಬೆರಳಿಗೆ ರಬ್ಬರಿನ ಹಾಗಲ್ಲ, ಒಣಗಿದ ರೊಟ್ಟಿಯ ಹಾಗೆ ತಾಗುತ್ತಿತ್ತು. ಬಣ್ಣ ಕಂದು. ಮೈ ತುಂಬ ಗುಳಿ. ಹಿಂದಿನ ಅಂಚಿನಲ್ಲಿ ಎದ್ದು ಬಂದಿತ್ತು. ಆ ಸಂದಿಗೆ ಪ್ರೋಬ್ ಹಾಕಿ ಎಳೆದಾಗ ಬೆಳ್ಳಗಿನ ಲೋಳೆ ಹೊರಗೆ ಬಂತು, ಜೊತೆಗೆ ಹುಳಿ ವಾಸನೆ. ಗುಳಿಗಳಲ್ಲಿದ್ದ ಕಪ್ಪು ಚುಕ್ಕೆ ತೋರಿಸಿ ಮಗ "ಇದೇನಾ ಸಾರ್ ಫಂಗಸ್?" ಅಂದರು. ಕಪ್ಪು ಕಂಡರೆ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಕಪ್ಪು ಬಹುತೇಕ ಕಾಫಿ, ಎಲೆಅಡಿಕೆ, ಆಹಾರದ ಕಲೆ. ಇಲ್ಲಿ ನಾವು ಹುಡುಕುತ್ತಿದ್ದ ಕ್ಯಾಂಡಿಡಾ ಅನ್ನುವ ಯೀಸ್ಟ್ ಜಾತಿಯ ಫಂಗಸ್ ಬೆಳ್ಳಗೆ, ಕೆನೆ ಬಣ್ಣದಲ್ಲಿ ಬೆಳೆಯುತ್ತದೆ. ಕಲೆ ಇಲ್ಲದ ಸೆಟ್‌ನಲ್ಲೂ ಅದು ದಟ್ಟವಾಗಿ ಇರಬಹುದು.

ಎರಡು ಸ್ವಾಬ್

ಮೌತ್ ಪೇಂಟ್ ಮತ್ತೆ ಬರೆದು ಕಳಿಸುವುದು ಸುಲಭವಿತ್ತು. ಮೂರು ಸಲ ಮರುಕಳಿಸಿದ್ದರಿಂದ ಪರೀಕ್ಷೆ ಮಾಡಿಸಲೇಬೇಕು ಅನ್ನಿಸಿತು. ಅಂಗುಳದಿಂದ ಒಂದು ಸ್ವಾಬ್, ಸೆಟ್‌ನ ಒಳಮೈಯಿಂದ ಒಂದು ಸ್ವಾಬ್, ಬೇರೆ ಬೇರೆ ಚೀಟಿ ಅಂಟಿಸಿ ಲ್ಯಾಬ್‌ಗೆ ಕಳಿಸಿದೆವು.

ಫಂಗಸ್ ಬೆಳೆಸಿ ನೋಡುವ ಸಬೊರಾಡ್ ಅಗಾರ್ ತಟ್ಟೆಗಳ ವರದಿ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅಂಗುಳದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಸೆಟ್‌ನ ತಟ್ಟೆ ಪೂರ್ತಿ ಬೆಳೆದು ಮುಚ್ಚಿಹೋಗಿತ್ತು. ಜರ್ಮ್ ಟ್ಯೂಬ್ ಪರೀಕ್ಷೆ ಪಾಸಿಟಿವ್, ಅಂದರೆ ಬಹುತೇಕ ಕ್ಯಾಂಡಿಡಾ ಅಲ್ಬಿಕಾನ್ಸ್. ಸೀರಮ್‌ನಲ್ಲಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಯೀಸ್ಟ್ ಕಣದಿಂದ ಮೊಳಕೆ ಹೊರಡುವುದನ್ನು ನೋಡುವ ಹಳೆಯ, ಅಗ್ಗದ ಪರೀಕ್ಷೆ ಅದು. ಅಜ್ಜಿ ಬರುವ ಹಿಂದಿನ ವಾರದವರೆಗೂ ಅಂಗುಳಕ್ಕೆ ಮೌತ್ ಪೇಂಟ್ ಹಚ್ಚುತ್ತಿದ್ದರು. ಅಂಗುಳದಲ್ಲಿ ಬೆಳವಣಿಗೆ ಕಡಿಮೆ ಇದ್ದಿದ್ದಕ್ಕೆ ಅದೂ ಕಾರಣ ಇರಬಹುದು. ಆದರೆ ಅದೇ ನಮಗೆ ದಾರಿ ತೋರಿಸಿತು. ಮದ್ದು ಅಂಗುಳದಲ್ಲಿ ಕೆಲಸ ಮಾಡಿದೆ, ಸೆಟ್‌ಗೆ ತಾಗೇ ಇಲ್ಲ. ಮದ್ದು ನಿಲ್ಲಿಸಿದ ಕೂಡಲೇ ಸೆಟ್‌ನಿಂದ ಅಂಗುಳಕ್ಕೆ ವಾಪಸ್ ಬರುತ್ತಿದೆ.

ಕ್ಯಾಂಡಿಡಾ ಅನೇಕ ಆರೋಗ್ಯವಂತರ ಬಾಯಲ್ಲೂ ಸುಮ್ನೆ ಇರುತ್ತದೆ. ಸೆಟ್‌ಗೆ ಅಂಟಿ ಪದರ ಕಟ್ಟಿಕೊಂಡಾಗ ಅದರ ರೀತಿಯೇ ಬೇರೆ. ಯೀಸ್ಟ್ ಕಣದ ಅಗಲ ಸುಮಾರು 4ರಿಂದ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ಹಲ್ಲುಜ್ಜುವ ಬ್ರಷ್‌ನ ಒಂದು ಎಳೆ 150ರಿಂದ 200 ಮೈಕ್ರಾನ್ ದಪ್ಪ ಇರುತ್ತದೆ. ಕಣ ಹೋಗಿ ಕೂರುವ ಗುಳಿಗೆ ಬ್ರಷ್ ಎಳೆ ಹೋಗುವುದಾದರೂ ಹೇಗೆ? ಅದಕ್ಕೇ ಹೊಳಪು ಕೊಟ್ಟ ಮೈಗೂ ಒರಟು ಮೈಗೂ ಇಷ್ಟು ವ್ಯತ್ಯಾಸ. ಒರಟುತನ 0.2 ಮೈಕ್ರಾನ್ ದಾಟಿದರೆ ಸೂಕ್ಷ್ಮಜೀವಿಗಳು ಅಂಟುವುದು ಜಾಸ್ತಿಯಾಗುತ್ತದೆ ಅನ್ನುವುದು ನಮ್ಮ ಕ್ಷೇತ್ರದಲ್ಲಿ ಒಪ್ಪಿಕೊಂಡ ಮಾತು. ಸೆಟ್‌ನ ಹೊರಮೈಗೆ ಪಾಲಿಶ್ ಕೊಡುತ್ತಾರೆ. ಒಳಮೈಗೆ ಕೊಡುವುದಿಲ್ಲ, ಕೊಟ್ಟರೆ ಅಂಗುಳಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಒರಟಾದ ಮೈ ಅಂಗುಳದ ಕಡೆಗೇ ಇರುತ್ತದೆ.

ಅಜ್ಜಿಗೆ ಇನ್ನೊಂದು ಅಭ್ಯಾಸವೂ ಇತ್ತು. ಸೆಟ್‌ನ್ನು ಕೆಂಪು ಹಲ್ಲುಪುಡಿ ಹಾಕಿ ಚೆನ್ನಾಗಿ ತಿಕ್ಕುತ್ತಿದ್ದರು. "ಪಾತ್ರೆ ತಿಕ್ಕಿದಂಗೆ ತಿಕ್ತೀನಿ ಡಾಕ್ಟ್ರೇ, ಹೊಲಸು ಎಲ್ಲಿಂದ ಬರ್ತೈತೆ?" ಅಂತ ಅವರ ಪ್ರಶ್ನೆ. ಅಷ್ಟು ಶುಚಿಯಾಗಿರುವ ಹೆಂಗಸಿಗೆ ನಿಮ್ಮ ಸೆಟ್ ಕೊಳೆಯಾಗಿದೆ ಅಂತ ಹೇಳುವುದು ಕಷ್ಟ. ಸೆಟ್ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್ ನಿಜವಾದ ಹಲ್ಲಿಗಿಂತ ಎಷ್ಟೋ ಮೆದು. ಒರಟು ಪುಡಿ ಅದರ ಮೇಲೆ ಗೀರು ಎಬ್ಬಿಸುತ್ತದೆ. ತಿಕ್ಕಿದಷ್ಟೂ ಅಂಟಿಕೊಳ್ಳಲು ಜಾಗ ಹೆಚ್ಚಾಗಿತ್ತು.

ಏನು ಮಾಡಿದೆವು

ಒಳ್ಳೆಯದು ಅಂದರೆ ಕೆಲವು ವಾರ ಮೇಲಿನ ಸೆಟ್ ಹಾಕಲೇಬಾರದು. ಅಜ್ಜಿ ಒಪ್ಪಲಿಲ್ಲ. ಮನೆಯಲ್ಲಿ ಮೊಮ್ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಬೀಗರು ಬಂದು ಹೋಗುತ್ತಿದ್ದರು. ಬೊಚ್ಚು ಬಾಯಲ್ಲಿ ಹೇಗೆ ಕೂರಲಿ ಅಂದರು. ಅವರ ಮಾತು ನ್ಯಾಯವಾಗಿತ್ತು. ಹಗಲು ಹಾಕಿಕೊಳ್ಳಿ, ರಾತ್ರಿ ತೆಗೆಯಿರಿ ಅಂತ ಒಪ್ಪಂದವಾಯಿತು.

ಅದೇ ದಿನ ಲೈನರ್ ಪೂರ್ತಿ ಕಿತ್ತೆವು. ಲೈನರ್ ಅಡಿಯಲ್ಲಿದ್ದ ಅಕ್ರಿಲಿಕ್‌ನಲ್ಲೂ ಬರ್ (ತಿರುಗುವ ಕೊರೆಯುವ ಮೊನೆ) ಹಾಕಿ ತೆಳ್ಳಗೆ ಒಂದು ಪದರ ಕೆರೆದೆವು. ಕ್ಯಾಂಡಿಡಾ ಮೇಲ್ಮೈಯಲ್ಲಷ್ಟೇ ಕೂರುವುದಿಲ್ಲ, ಗುಳಿಗಳ ಒಳಕ್ಕೂ ಇಳಿದಿರುತ್ತದೆ. ಆಮೇಲೆ ಸೆಟ್‌ನ್ನು 0.5 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿದೆವು. ಕ್ಲಿನಿಕ್‌ನಲ್ಲಿರುವ 3 ಪ್ರತಿಶತದ ದ್ರಾವಣದ ಒಂದು ಭಾಗಕ್ಕೆ ಐದು ಭಾಗ ನೀರು ಸೇರಿಸಿದರೆ ಈ ಪ್ರಮಾಣ ಸಿಗುತ್ತದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಅಕ್ರಿಲಿಕ್ ಬಣ್ಣ ಕಳೆದುಕೊಳ್ಳುತ್ತದೆ. ಲೋಹದ ಚೌಕಟ್ಟು ಇರುವ ಸೆಟ್‌ಗೆ ಇದನ್ನು ಮುಟ್ಟಿಸಲೇಬಾರದು, ತುಕ್ಕು ಹಿಡಿಯುತ್ತದೆ. ಕೊನೆಗೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಹೊಸ ಟಿಶ್ಯೂ ಕಂಡಿಷನರ್ ತೆಳ್ಳಗೆ ಹಾಕಿ ಕೊಟ್ಟೆವು. ವಾರಕ್ಕೊಮ್ಮೆ ಬದಲಿಸುವುದು ಅಂತ ದಿನಾಂಕ ಗೊತ್ತುಮಾಡಿದೆವು. ಮತ್ತೆ ಅದೇ ವಸ್ತುವಾ ಅಂತ ಮಗನಿಗೆ ಗಾಬರಿ. ಊದಿದ ಅಂಗುಳ ಇಳಿಯಲು ಮೆತ್ತನೆಯ ಆಸರೆ ಬೇಕು. ವಾರಕ್ಕೊಮ್ಮೆ ಬದಲಿಸಿದರೆ ಅದು ಒಳ್ಳೆಯ ವಸ್ತುವೇ.

ಔಷಧದ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಮಗ ಯಾರನ್ನೋ ಕೇಳಿಕೊಂಡು ಬಂದು ಫಂಗಸ್‌ಗೆ ನುಂಗುವ ಫ್ಲುಕೊನಜೋಲ್ ಮಾತ್ರೆ ಬರೆದುಕೊಡಿ, ಬೇಗ ಮುಗಿಯುತ್ತೆ ಅಂದರು. ಅಜ್ಜಿ ನುಂಗುತ್ತಿದ್ದ ಗ್ಲಿಮೆಪಿರೈಡ್ ದೇಹದಿಂದ ಹೊರಹೋಗುವುದನ್ನು ಫ್ಲುಕೊನಜೋಲ್ ತಡೆಯುತ್ತದೆ. ಸಕ್ಕರೆ ಒಮ್ಮೆಲೇ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಲ್ಲೂ ಇಂಥದೇ ತೊಂದರೆ, ಅವರಿಗೆ ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಅಪಾಯ. ಅದಕ್ಕೇ ಕ್ಲೋಟ್ರಿಮಜೋಲ್ ಮೌತ್ ಪೇಂಟನ್ನೇ ಮುಂದುವರಿಸಿದೆವು. ಈ ಸಲ ಅಂಗುಳದ ಜೊತೆಗೆ ಸೆಟ್‌ನ ಒಳಮೈಗೂ, ಕಟಬಾಯಿಗೂ. ಸಕ್ಕರೆ ನೋಡುವ ವೈದ್ಯರಿಗೆ ಒಂದು ಪತ್ರವನ್ನೂ ಬರೆದೆವು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.2 ಇತ್ತು. ಅಷ್ಟು ಸಕ್ಕರೆ ಇದ್ದಾಗ ಬಾಯಿ ಬೇಗ ಮಾಯುವುದಿಲ್ಲ.

ಅರ್ಧಕ್ಕೆ ನಿಂತ ಗುಣ

ಮೊದಲ ವಾರ ಉರಿ ಇಳಿಯಿತು, ಕೆಂಪೂ ಕಡಿಮೆಯಾಯಿತು. ಎರಡನೆಯ ವಾರ ಅಲ್ಲಿಗೇ ನಿಂತಿತು. ಮೂರನೆಯ ವಾರ ಅಂಗುಳದ ಹಿಂಭಾಗದಲ್ಲಿ ಕೆಂಪು ಮತ್ತೆ ಏರಿತ್ತು. ಲೈನರ್ ಹೊಸದು, ಮದ್ದು ಸರಿಯಾಗಿ ಹಚ್ಚುತ್ತಿದ್ದಾರೆ. ರಾತ್ರಿ ಸೆಟ್ ತೆಗೆಯುತ್ತೀರಾ ಅಂತ ಕೇಳಿದರೆ "ಹೂಂ, ತೆಗೀತೀನಿ" ಅಂದರು.

ಬಿಲ್ ಕೊಡಲು ಹೊರಗೆ ನಿಂತಾಗ ಸೊಸೆ ಮೆಲ್ಲಗೆ ಹೇಳಿದರು: "ಅತ್ತೆ ರಾತ್ರಿ ತೆಗೆಯೋದೇ ಇಲ್ಲ ಡಾಕ್ಟ್ರೇ. ನಾನು ಮದುವೆಯಾಗಿ ಬಂದಾಗಿಂದ ಅವರನ್ನ ಹಲ್ಲಿಲ್ಲದೆ ನೋಡೇ ಇಲ್ಲ."

ಮುಂದಿನ ವಾರ ಅಜ್ಜಿಯೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆವು. ಸುಳ್ಳು ಹೇಳಿದಿರಿ ಅನ್ನುವ ಹಾಗೆ ಕೇಳಲಿಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ಯಾರ ಜೊತೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ ಅಂತ ಕೇಳುತ್ತಾ ಹೋದೆವು. ಹಾಲ್‌ನಲ್ಲಿ ಮೊಮ್ಮಕ್ಕಳ ಜೊತೆ ಮಲಗುವುದು. ಸಣ್ಣ ಮೊಮ್ಮಗ ಒಮ್ಮೆ ಅವರ ಬೊಚ್ಚು ಬಾಯಿ ನೋಡಿ ಹೆದರಿ ಅತ್ತಿದ್ದನಂತೆ. ಅಂದಿನಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡೇ ಸೆಟ್ ತೊಳೆದು, ಹಾಗೇ ಹಾಕಿಕೊಂಡು ಬರುವುದು. ಮಾತಿನ ಮಧ್ಯೆ ಪಂಪಿನ ವಿಷಯವೂ ಬಂತು. ಹಾಸಿಗೆ ಮೇಲೆ ಕೂತು ಎಳೆದುಕೊಂಡು, ಬಾಯಿ ಮುಕ್ಕಳಿಸದೆ ಹಾಗೇ ಮಲಗುವುದು. ಅಂದರೆ ಸ್ಟಿರಾಯ್ಡ್ ಔಷಧದ ಒಂದು ಪಾಲು ಅಂಗುಳ, ಗಂಟಲಲ್ಲೇ ಉಳಿಯುತ್ತಿತ್ತು, ಮೇಲೆ ಸೆಟ್ ಮುಚ್ಚಿಕೊಂಡು ರಾತ್ರಿಯಿಡೀ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಫಂಗಸ್‌ಗೆ ಇದಕ್ಕಿಂತ ಅನುಕೂಲ ಬೇಕಾ?

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ಇಷ್ಟು ಹೊತ್ತು ನಾವು ವಸ್ತುವಿನ ಬಗ್ಗೆ ಯೋಚಿಸುತ್ತಿದ್ದೆವು, ಈಗ ಅಜ್ಜಿಯ ರಾತ್ರಿಯ ಬಗ್ಗೆ ಯೋಚಿಸಬೇಕಾಯಿತು. ಒತ್ತಾಯ ಮಾಡಿ ಫಲವಿಲ್ಲ ಅನ್ನುವುದು ಕಾಣುತ್ತಿತ್ತು. ಮುಚ್ಚಳ ಇರುವ, ಒಳಗೆ ಏನಿದೆ ಅಂತ ಕಾಣದ ಸಣ್ಣ ಡಬ್ಬಿ ಕೊಟ್ಟೆವು. ದೀಪ ಆರಿದ ಮೇಲೆ ತೆಗೆದು, ನೀರಿರುವ ಡಬ್ಬಿಗೆ ಹಾಕಿ, ದಿಂಬಿನ ಪಕ್ಕ ಇಟ್ಟುಕೊಳ್ಳುವುದು. ಎಲ್ಲರಿಗಿಂತ ಮೊದಲು ಏಳುವುದು ಹೇಗೂ ಅವರೇ, ಆಗ ತೊಳೆದು ಹಾಕಿಕೊಳ್ಳುವುದು. ಪಂಪನ್ನು ರಾತ್ರಿ ಊಟವಾದ ಮೇಲೆ, ಬಚ್ಚಲುಮನೆಯಲ್ಲಿ ಸೆಟ್ ತೆಗೆದು ಎಳೆದುಕೊಂಡು, ಬಾಯಿ ಮುಕ್ಕಳಿಸಿ ಉಗುಳುವುದು. ಉಬ್ಬಸದ ವೈದ್ಯರು ಔಷಧ ಬಾಯಲ್ಲೇ ಉಳಿಯುವುದು ಕಡಿಮೆಯಾಗಲಿ ಅಂತ ಪಂಪಿಗೆ ಸ್ಪೇಸರ್ ಅನ್ನುವ ಕೊಳವೆ ಕೂಡ ಸೇರಿಸಿದರು. "ಹಂಗಾದ್ರೆ ಆಗ್ತೈತೆ" ಅಂತ ಅಜ್ಜಿ ತಲೆಯಾಡಿಸಿದರು.

ರಾತ್ರಿ ಸೆಟ್ ಹಾಕಿ ಮಲಗುವುದು ಬಾಯಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಜಪಾನಿನಲ್ಲಿ 85 ದಾಟಿದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ ಹಾಕಿಯೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ಉಬ್ಬಸ ಇರುವ ಅಜ್ಜಿಗೆ ಇದನ್ನು ಹೇಳಿದೆವು, ಹೆದರಿಸದ ಹಾಗೆ.

ಎರಡು ವಾರದಲ್ಲಿ ಅಂಗುಳದ ಕೆಂಪು ಬಹುಪಾಲು ಹೋಗಿತ್ತು. ಕೆಂಪು ಹೋದ ಮೇಲೂ ಸ್ವಲ್ಪ ದಿನ ಮದ್ದು ಮುಂದುವರಿಸಿ ನಿಲ್ಲಿಸಿದೆವು.

ಹಳೆಯದನ್ನೇ ರಿಪೇರಿ ಮಾಡುವುದಾ?

ಇಲ್ಲಿ ಮನೆಯವರಿಗೂ ನಮಗೂ ಅಭಿಪ್ರಾಯ ಬೇರೆಯಾಯಿತು. ವಾಸಿಯಾಯಿತಲ್ಲ, ಇದನ್ನೇ ಗಟ್ಟಿ ಮಾಡಿಕೊಡಿ ಅಂತ ಮಗ. ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಸಿಗುತ್ತದೆ, ಇವರು ಆ ಪಟ್ಟಿಯಲ್ಲಿ ಇರಲಿಲ್ಲ. ಕೈಯಿಂದಲೇ ಖರ್ಚು ಮಾಡಬೇಕಿತ್ತು.

ಮಾತಿನಲ್ಲಿ ಹೇಳುವ ಬದಲು ತೋರಿಸಿದೆವು. ಸೊಸೆಯ ಕೈಯಲ್ಲೇ ಸೆಟ್ ಕೊಟ್ಟು ಸೋಪು ಹಾಕಿ ಚೆನ್ನಾಗಿ ತೊಳೆಯಲು ಹೇಳಿದೆವು. ಆಮೇಲೆ ಹಲ್ಲಿನ ಕೊಳೆ ತೋರಿಸುವ ಕೆಂಪು ಬಣ್ಣ ಹಚ್ಚಿ ನೀರಿನಲ್ಲಿ ಜಾಲಿಸಿದೆವು. ಹೊರಮೈಯಿಂದ ಬಣ್ಣ ಜಾರಿ ಹೋಯಿತು. ಒಳಮೈಯಲ್ಲಿ ಗೀರು ಗೀರಿನಲ್ಲೂ ಕೆಂಪು ಉಳಿಯಿತು. ಹಿಂದೊಮ್ಮೆ ಸೀಳು ಬಿಟ್ಟಾಗ ತಂತಾನೇ ಗಟ್ಟಿಯಾಗುವ ಅಕ್ರಿಲಿಕ್‌ನಲ್ಲಿ ತೇಪೆ ಹಾಕಿದ್ದ ಜಾಗವಂತೂ ಪೂರ್ತಿ ಕೆಂಪು. ಆ ಬಗೆಯ ಅಕ್ರಿಲಿಕ್, ಲ್ಯಾಬ್‌ನಲ್ಲಿ ಬಿಸಿಯಲ್ಲಿ ಬೇಯಿಸಿದ್ದಕ್ಕಿಂತ ಜಾಸ್ತಿ ತೂತು ತೂತಾಗಿರುತ್ತದೆ. ಮಗ ಸೆಟ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಹೊಸದು ಮಾಡಿಸೋಣ ಅಂದರು.

ಇನ್ನೊಂದು ಕಾರಣವೂ ಇತ್ತು. ಏಳು ವರ್ಷದಲ್ಲಿ ಸೆಟ್‌ನ ಹಲ್ಲು ಸವೆದು, ಬಾಯಿ ಮುಚ್ಚಿದಾಗ ಮೂಗು ಗದ್ದದ ಅಂತರ ಕಡಿಮೆಯಾಗಿತ್ತು. ಕಟಬಾಯಿಯಲ್ಲಿ ಚರ್ಮ ಮಡಚಿ ಜೊಲ್ಲು ನಿಲ್ಲುತ್ತಿತ್ತು. ಅಲ್ಲಿ ಬಿರುಕು ಮಾಯದಿದ್ದದ್ದು ಅದಕ್ಕೇ. ಎತ್ತರ ಸರಿಯಾಗಬೇಕಾದರೆ ಎರಡೂ ಸೆಟ್ ಹೊಸದಾಗಿ ಆಗಬೇಕು. ಅಂಗುಳ ಪೂರ್ತಿ ಇಳಿಯುವವರೆಗೆ ಕಾದು ಅಳತೆ ತೆಗೆದೆವು. ಊದಿದ ಅಂಗುಳದ ಮೇಲೆ ಅಳತೆ ತೆಗೆದರೆ ಊತ ಇಳಿದ ಮೇಲೆ ಸೆಟ್ ಸಡಿಲ. ನಿಶ್ಚಿತಾರ್ಥಕ್ಕೆ ಹಳೆಯ ಸೆಟ್‌ನಲ್ಲೇ ಹೋದರು, ಮದುವೆ ಹೊತ್ತಿಗೆ ಹೊಸದು ಬಂತು. ಅದಾದ ಮೇಲೆ ಕಟಬಾಯಿ ಬಿರಿದಿಲ್ಲ.

ಈಗಿನ ಸ್ಥಿತಿ

ಆರು ತಿಂಗಳ ನಂತರ ಸ್ವಾಬ್ ತೆಗೆದಾಗ ಕ್ಯಾಂಡಿಡಾ ಸ್ವಲ್ಪ ಬೆಳೆಯಿತು. ಅಂಗುಳ ಗುಲಾಬಿ, ಉರಿ ಇಲ್ಲ. ಮದ್ದು ಕೊಡಲಿಲ್ಲ. ಬಾಯಿಂದ ಕ್ಯಾಂಡಿಡಾವನ್ನು ಪೂರ್ತಿ ಓಡಿಸುವುದು ನಮ್ಮ ಗುರಿಯೂ ಅಲ್ಲ, ಆಗುವ ಕೆಲಸವೂ ಅಲ್ಲ. ಅದು ಸೆಟ್ ಮೇಲೆ ಪದರ ಕಟ್ಟದಂತೆ ನೋಡಿಕೊಂಡರೆ ಸಾಕು. ಹಲ್ಲುಪುಡಿ ಬಿಟ್ಟು ಮೆದು ಬ್ರಷ್, ಕೈ ತೊಳೆಯುವ ಸೋಪು ಬಳಸುತ್ತಿದ್ದಾರೆ. ಕೆಳಗೆ ಬಿದ್ದರೂ ಒಡೆಯದ ಹಾಗೆ ಬಟ್ಟಲಿನಲ್ಲಿ ನೀರು ತುಂಬಿ ಅದರ ಮೇಲೆ ಹಿಡಿದು ತೊಳೆಯುತ್ತಾರೆ. ಕುದಿಯುವ ನೀರಿಗೆ ಹಾಕಬೇಡಿ, ಸೆಟ್ ಸೊಟ್ಟಗಾಗುತ್ತದೆ ಅಂತ ಮನೆಯವರಿಗೆಲ್ಲ ಹೇಳಿದ್ದೇವೆ. ಫಂಗಸ್ ಅಂದ ಕೂಡಲೇ ಕುದಿಸೋಣ ಅನ್ನುವವರು ಬಹಳ ಜನ.

ಈ ಪ್ರಕರಣದ ನಂತರ ನಮ್ಮಲ್ಲಿ ಎರಡು ಪದ್ಧತಿ ಬಂದಿದೆ. ಯಾರಿಗೇ ಮೃದು ಲೈನರ್ ಹಾಕಿದರೂ ಅದನ್ನು ಬದಲಿಸಬೇಕಾದ ದಿನಾಂಕವನ್ನು ಕಾರ್ಡಿನಲ್ಲಿ ಬರೆದು, ಮನೆಯ ಒಬ್ಬರ ಫೋನಿಗೂ ಕಳಿಸುತ್ತೇವೆ. ಮೆತ್ತಗಿದ್ದು ಹಿತವಾಗಿದೆ ಅನ್ನಿಸಿದಾಗಲೇ ಜನ ಬರುವುದು ನಿಲ್ಲಿಸುತ್ತಾರೆ ಅಂತ ಬಾಯಿಬಿಟ್ಟು ಹೇಳುತ್ತೇವೆ. ಅಂಗುಳ ಕೆಂಪಾಗಿ ಬಂದವರಿಗೆ ಮದ್ದು ಬರೆಯುವ ಮೊದಲು ಸೆಟ್‌ನ್ನು ಬೆಳಕಿಗೆ ಹಿಡಿದು ನೋಡುತ್ತೇವೆ, ರಾತ್ರಿ ಹೇಗೆ ಮಲಗುತ್ತೀರಿ ಅಂತ ಕೇಳುತ್ತೇವೆ, ಪಂಪು ಬಳಸುತ್ತೀರಾ ಅಂತಲೂ ಕೇಳುತ್ತೇವೆ.

ಅಜ್ಜಿಯ ಎಚ್‌ಬಿಎ1ಸಿ 7.6ಕ್ಕೆ ಇಳಿದಿದೆ. ಹೊಸ ಕೆಳಗಿನ ಸೆಟ್ ಮಾತಾಡುವಾಗ ಸ್ವಲ್ಪ ಏಳುತ್ತದೆ ಅಂತ ಸೊಸೆ ಕಳೆದ ವಾರ ಫೋನ್ ಮಾಡಿದ್ದರು. ಬಂದು ತೋರಿಸಲು ಹೇಳಿದ್ದೇವೆ. ರಿಲೈನ್ (ಒಳಮೈಗೆ ಹೊಸ ಪದರ) ಬೇಕು ಅನ್ನಿಸಿದರೆ ಲ್ಯಾಬ್‌ಗೆ ಕಳಿಸಿ, ಬಿಸಿಯಲ್ಲಿ ಗಟ್ಟಿಯಾಗುವ ಅಕ್ರಿಲಿಕ್‌ನಲ್ಲೇ ಮಾಡಿಸುತ್ತೇವೆ. ಒಂದು ದಿನ ಸೆಟ್ ಇಲ್ಲದೆ ಇರಬೇಕಾಗುತ್ತದೆ ಅಂದಾಗ, ಅಜ್ಜಿ ಒಪ್ಪಿದ್ದಾರೆ ಅಂತ ಸೊಸೆಯೇ ಉತ್ತರ ಕೊಟ್ಟರು.